ಪಿನ್ ಬಂದ ಮೇಲಿನ ಹೊಣೆ: ಇಂಗ್ಲೆಂಡಿಗೆ ಹೊಸದಾಗಿ ಬಂದ ನರ್ಸ್ ಒಬ್ಬರಿಗೆ ಉತ್ತರ

ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಮುಗಿಸಿ, ಇಲ್ಲಿನ ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಎಂಸಿಯ ಪಿನ್‌ಗಾಗಿ, ಅಂದರೆ ನೋಂದಣಿ ಸಂಖ್ಯೆಗಾಗಿ, ಕಾಯುತ್ತಿರುವ ನೀವು ಎರಡು ವಿಷಯ ಕೇಳಿದ್ದೀರಿ. ಇಲ್ಲಿ ಸಣ್ಣದೊಂದು ತಪ್ಪಾದರೂ ನೋಂದಣಿ ಹೋಗುತ್ತದೆಂಬ ಮಾತು ನಿಜವೇ ಎಂಬುದು ಮೊದಲನೆಯದು. ವಾರ್ಡಿಗೆ ಕಾಲಿಡುವ ಮೊದಲು ಯಾವ ಕಾನೂನು ತಿಳಿದಿರಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ: ಪ್ರಾಮಾಣಿಕವಾಗಿ ಒಪ್ಪಿಕೊಂಡು ಸರಿಪಡಿಸಿಕೊಂಡ ಒಂದು ತಪ್ಪು ಸಾಮಾನ್ಯವಾಗಿ ಯಾರ ವೃತ್ತಿಯನ್ನೂ ಮುಗಿಸುವುದಿಲ್ಲ. ಅದನ್ನು ಮುಚ್ಚಿಟ್ಟರೆ, ಆಮೇಲೆ ದಾಖಲೆ ತಿದ್ದಿದರೆ ಮಾತ್ರ ವಿಷಯ ಬಹಳ ಗಂಭೀರವಾಗುತ್ತದೆ. ಔಷಧಿ ಕೊಡುವ ರೀತಿಯನ್ನು ತರಬೇತಿಯಿಂದ ತಿದ್ದಬಹುದು, ಸುಳ್ಳು ಹೇಳುವ ಸ್ವಭಾವವನ್ನು ತಿದ್ದುವುದು ಕಷ್ಟ ಎಂಬುದೇ ಎನ್‌ಎಂಸಿಯ ನಿಲುವು. ನನಗೂ ಅದು ನ್ಯಾಯವೆಂದೇ ತೋರುತ್ತದೆ.

ಇಲ್ಲಿನ ಕೆಲಸದ ಬುಡದಲ್ಲಿರುವುದು ವೈಯಕ್ತಿಕ ಹೊಣೆಗಾರಿಕೆ. ನೀವು ಏನು ಮಾಡಿದಿರಿ, ಏನನ್ನು ಮಾಡದೆ ಬಿಟ್ಟಿರಿ ಎಂಬುದಕ್ಕೆ ನೀವೇ ಉತ್ತರ ಕೊಡಬೇಕು; ‘ವೈದ್ಯರು ಹಾಗೆ ಬರೆದಿದ್ದರು’, ‘ಸೀನಿಯರ್ ಹೇಳಿದರು’ ಎಂಬುದು ರಕ್ಷಣೆಯಾಗುವುದಿಲ್ಲ. ಚಾರ್ಟಿನಲ್ಲಿ ಯೂನಿಟ್ ಎಂದು ಪೂರ್ತಿ ಬರೆಯುವ ಬದಲು ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ ಇನ್ಸುಲಿನ್ 40 ಆಗಿಬಿಡಬಹುದು. ಬರೆದವರ ತಪ್ಪು ಅವರದ್ದು, ನಿಜ; ಆದರೆ ಆ ಪ್ರಮಾಣ ಅಸಹಜವೆಂದು ಗುರುತಿಸಿ, ಕೊಡದೆ ತಡೆದು, ಬರೆದವರನ್ನು ಕೇಳುವ ಕರ್ತವ್ಯ ಸಿರಿಂಜ್ ಹಿಡಿದವರದ್ದು. ಒಂದೇ ಘಟನೆಗೆ ನೀವು ನಾಲ್ಕು ಕಡೆ ಉತ್ತರಿಸಬೇಕಾಗಿ ಬರಬಹುದು: ಅಪರಾಧವಾಗಿದ್ದರೆ ಕ್ರಿಮಿನಲ್ ನ್ಯಾಯಾಲಯಕ್ಕೆ, ರೋಗಿ ಪರಿಹಾರ ಕೇಳಿದರೆ ಸಿವಿಲ್ ನ್ಯಾಯಾಲಯಕ್ಕೆ, ಕೆಲಸದ ಕರಾರಿನ ಪ್ರಕಾರ ಉದ್ಯೋಗದಾತರಿಗೆ, ವೃತ್ತಿಯ ಮಟ್ಟಿಗೆ ಎನ್‌ಎಂಸಿಗೆ. ಒಂದು ಕಡೆ ವಿಷಯ ಮುಗಿಯಿತೆಂದರೆ ಇನ್ನೊಂದು ಕಡೆಯೂ ಮುಗಿಯಿತೆಂದು ಅರ್ಥವಲ್ಲ.

ನಿರ್ಲಕ್ಷ್ಯವನ್ನು ನ್ಯಾಯಾಲಯ ಅಳೆಯುವ ಬಗೆಯನ್ನು 1957ರ ಬೋಲಮ್ ತೀರ್ಪು ಹೇಳಿತು: ಅದೇ ಕೌಶಲದ ವೃತ್ತಿಪರರಲ್ಲಿ ಜವಾಬ್ದಾರಿಯುತವಾದ ಒಂದು ವರ್ಗ ಒಪ್ಪುವಂತೆ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯವಲ್ಲ. ಆ ಅಭಿಪ್ರಾಯವೂ ತರ್ಕಕ್ಕೆ ನಿಲ್ಲುವಂತಿರಬೇಕೆಂದು 1997ರ ಬೊಲಿತೊ ತೀರ್ಪು ಸೇರಿಸಿತು. ಆದರೆ ಹೊಸಬರಾದ ನಿಮಗೆ ಇವೆರಡಕ್ಕಿಂತ ಹೆಚ್ಚು ಬೇಕಾದದ್ದು ವಿಲ್ಷರ್ ಪ್ರಕರಣ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಕಿರಿಯ ವೈದ್ಯರೊಬ್ಬರು ಅಪಧಮನಿಯ ಬದಲು ಅಭಿಧಮನಿಗೆ ನಳಿಕೆ ಹಾಕಿದ್ದರು. ಅನುಭವ ಕಡಿಮೆ ಎಂಬ ಕಾರಣಕ್ಕೆ ರೋಗಿಗೆ ಸಿಗಬೇಕಾದ ಆರೈಕೆಯ ಮಟ್ಟ ಇಳಿಯುವುದಿಲ್ಲ, ಆ ಹುದ್ದೆಗೆ ತಕ್ಕ ಮಟ್ಟವೇ ಅಳತೆ ಎಂದು 1986ರಲ್ಲಿ ಮೇಲ್ಮನವಿ ನ್ಯಾಯಾಲಯದ ಬಹುಮತ ಹೇಳಿತು. ಹಾಗಿದ್ದರೂ ಆ ಕಿರಿಯ ವೈದ್ಯರು ಹೊಣೆಗಾರರಾಗಲಿಲ್ಲ; ಏಕೆಂದರೆ ತಾವು ಮಾಡಿದ್ದನ್ನು ಪರೀಕ್ಷಿಸಲು ಅವರು ಹಿರಿಯರನ್ನು ಕೇಳಿದ್ದರು, ನೋಡಿಯೂ ಗಮನಿಸದ ಹಿರಿಯರ ಮೇಲೆ ಹೊಣೆ ಬಿತ್ತು. ಈ ತೀರ್ಪನ್ನು ನಾನು ಹೊಸಬರೆಲ್ಲರಿಗೂ ಹೇಳುತ್ತೇನೆ. ಗೊತ್ತಿಲ್ಲವೆಂದು ಹೇಳಿ ಸಹಾಯ ಕೇಳುವುದು ಅವಮಾನವೆಂದು ಭಾವಿಸಿ, ಪರಿಚಯವಿಲ್ಲದ ಪಂಪನ್ನೋ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನನ್ನೋ ಒಬ್ಬರೇ ಮುಟ್ಟುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸಾಮರ್ಥ್ಯದ ಮಿತಿಯೊಳಗೆ ಕೆಲಸ ಮಾಡುವುದು ಎನ್‌ಎಂಸಿಯ ಸಂಹಿತೆಯಲ್ಲಿಯೇ ಬರೆದಿರುವ ಕರ್ತವ್ಯ. ಕೆಲಸವನ್ನು ಹೆಲ್ತ್‌ಕೇರ್ ಅಸಿಸ್ಟೆಂಟ್‌ಗೆ ಒಪ್ಪಿಸುವಾಗಲೂ ಹೀಗೆಯೇ: ಅವರಿಗೆ ಅದು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ನಿಮ್ಮದು.

ಹೊರಗಿನಿಂದ ಬಂದ ನಮ್ಮಂಥವರು ಹೆಚ್ಚು ಎಡವುವುದು ಒಪ್ಪಿಗೆಯ ವಿಷಯದಲ್ಲಿ. ವಯಸ್ಕ ರೋಗಿಯ ಪರವಾಗಿ ಮಗನೋ ಹೆಂಡತಿಯೋ ಒಪ್ಪಿಗೆ ಕೊಡುವ ಅಧಿಕಾರ ರಕ್ತಸಂಬಂಧದಿಂದಾಗಲಿ ಮದುವೆಯಿಂದಾಗಲಿ ತಾನಾಗಿ ಬರುವುದಿಲ್ಲ. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ, ಬೇರೆಯದು ಸಾಬೀತಾಗುವವರೆಗೆ, ಪ್ರತಿಯೊಬ್ಬರಿಗೂ ತಮ್ಮ ನಿರ್ಧಾರ ತಾವೇ ಮಾಡುವ ಸಾಮರ್ಥ್ಯವಿದೆಯೆಂದೇ ನಾವು ನಂಬಿ ನಡೆಯಬೇಕು. ವಿಷಯ ಅರ್ಥಮಾಡಿಕೊಳ್ಳಲು, ನಿರ್ಧರಿಸುವಷ್ಟು ಹೊತ್ತು ನೆನಪಿಟ್ಟುಕೊಳ್ಳಲು, ತೂಗಿನೋಡಲು, ಯಾವುದಾದರೂ ರೀತಿಯಲ್ಲಿ ತಿಳಿಸಲು ಆಗುತ್ತದೆಯೇ ಎಂದು ಆಯಾ ನಿರ್ಧಾರಕ್ಕೆ ಬೇರೆಬೇರೆಯಾಗಿಯೇ ನೋಡಬೇಕು. ಬೆಳಗಿನ ಸ್ನಾನದ ಬಗ್ಗೆ ನಿರ್ಧರಿಸಬಲ್ಲವರು ಶಸ್ತ್ರಚಿಕಿತ್ಸೆಯ ಬಗ್ಗೆ ನಿರ್ಧರಿಸಲಾಗದೆ ಇರಬಹುದು. ನಮಗೆ ಅವಿವೇಕವೆಂದು ತೋರುವ ನಿರ್ಧಾರ ಮಾಡಿದರೆಂಬುದೇ ಸಾಮರ್ಥ್ಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಸಾಮರ್ಥ್ಯವುಳ್ಳ ರೋಗಿ ಬೇಡವೆಂದ ಮೇಲೂ ಅವರ ಒಳ್ಳೆಯದಕ್ಕೆಂದೇ ಸೂಜಿ ಚುಚ್ಚಿದರೆ ಅದು ಕಾನೂನಿನ ಕಣ್ಣಿನಲ್ಲಿ ಹಲ್ಲೆಯಾಗಬಹುದು. ಸಾಮರ್ಥ್ಯವಿಲ್ಲದಿದ್ದಾಗ ಮನೆಯವರನ್ನು ಕೇಳಬೇಕು, ಆದರೆ ಕೇಳುವುದು ರೋಗಿಯ ಹಿತ ಯಾವುದೆಂದು ತಿಳಿಯಲಿಕ್ಕೆ. ಮನೆಯವರೇ ನಿರ್ಧರಿಸಬೇಕಾದರೆ, ಆರೋಗ್ಯದ ವಿಷಯದಲ್ಲಿ ತಮ್ಮ ಪರ ನಿರ್ಧರಿಸಲು ರೋಗಿಯೇ ಮೊದಲೇ ಬರೆದುಕೊಟ್ಟ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಎಂಬ ಅಧಿಕಾರಪತ್ರದಂಥ ಕಾನೂನುಬದ್ಧ ಅಧಿಕಾರ ಬೇಕು. ಆ ಪತ್ರ ತೋರಿಸಿ ಎಂದು ಕೇಳಲು ಹಿಂಜರಿಯಬೇಡಿ. ಕಾಯಿಲೆಯ ವಿಷಯ ರೋಗಿಗೆ ಗೊತ್ತಾಗುವುದು ಬೇಡವೆಂದು ಮನೆಯವರು ಕೇಳಿಕೊಂಡರೂ ಅದಕ್ಕೆ ಮಾತು ಕೊಡಬೇಡಿ. ತಮಗೆ ಮುಖ್ಯವೆನಿಸುವ ಅಪಾಯಗಳನ್ನು ತಿಳಿಯುವ ಹಕ್ಕು ರೋಗಿಯದೇ ಎಂದು 2015ರಲ್ಲಿ ಮಾಂಟ್ಗೊಮರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ.

ದಾಖಲೆಯನ್ನು ಆದಷ್ಟು ಆಗಿಂದಾಗಲೇ ಬರೆಯಿರಿ. ತಡವಾಗಿ ಬರೆದದ್ದಾದರೆ ತಡವಾಗಿ ಬರೆದದ್ದೆಂದೇ ನಮೂದಿಸಿ. ವೈದ್ಯರಿಗೆ ಕರೆ ಮಾಡಿದ ಸಮಯ, ಅವರು ಕೊಟ್ಟ ಉತ್ತರ, ಬಾರದಿದ್ದಾಗ ನೀವು ಮುಂದೆ ಯಾರಿಗೆ ತಿಳಿಸಿದಿರಿ ಎಂಬುದೆಲ್ಲ ಅದರಲ್ಲಿರಲಿ. ಗೋಪ್ಯತೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದದ್ದಿಲ್ಲ, ಆದರೆ ನಿಮ್ಮ ಆರೈಕೆಯಲ್ಲಿಲ್ಲದವರ ಕಡತವನ್ನು, ಅವರು ನಿಮ್ಮ ಗೆಳೆಯರೇ ಆಗಿದ್ದರೂ, ಕುತೂಹಲಕ್ಕೆ ತೆರೆದರೆ ಕಂಪ್ಯೂಟರ್ ಅದನ್ನು ದಾಖಲಿಸಿಕೊಳ್ಳುತ್ತದೆ.

ತಪ್ಪಾದಾಗ ಮೊದಲು ರೋಗಿಯನ್ನು ಸುರಕ್ಷಿತಗೊಳಿಸಿ, ಮೇಲಿನವರಿಗೆ ತಿಳಿಸಿ, ಘಟನೆಯ ವರದಿ ಹಾಕಿ, ನಡೆದದ್ದನ್ನು ರೋಗಿಗೆ ತಿಳಿಸಿ ಕ್ಷಮೆ ಕೇಳಿ. ಕ್ಷಮೆ ಕೇಳಿದರೆ ತಪ್ಪಿತಸ್ಥರೆಂದು ಒಪ್ಪಿಕೊಂಡಂತೆ ಎಂದು ಹಲವರು ಹೆದರುತ್ತಾರೆ. ಕ್ಷಮಾಪಣೆಯೊಂದೇ ನಿರ್ಲಕ್ಷ್ಯದ ಒಪ್ಪಿಗೆಯಾಗದು ಎಂದು 2006ರ ಕಾಂಪೆನ್ಸೇಶನ್ ಕಾಯ್ದೆಯಲ್ಲಿಯೇ ಇದೆ.

ವೀಸಾ ಉದ್ಯೋಗದಾತರ ಕೈಯಲ್ಲಿರುವಾಗ ವಾರ್ಡಿನ ಕೊರತೆಗಳ ಬಗ್ಗೆ ದನಿಯೆತ್ತುವುದು ಹೇಗೆಂಬ ಅಳುಕು ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಸ್ಟಾಫರ್ಡ್ ಆಸ್ಪತ್ರೆಯ ಆರೈಕೆಯ ಲೋಪಗಳ ಬಗ್ಗೆ 2013ರಲ್ಲಿ ಬಂದ ಫ್ರಾನ್ಸಿಸ್ ವರದಿಯನ್ನು ಓದಿದವರಿಗೆ, ಎಚ್ಚರಿಕೆಯ ಮಾತುಗಳಿಗೆ ಬೆಲೆ ಸಿಗದ ಕಡೆ ರೋಗಿಗಳು ಎಂಥ ನರಳಾಟ ಅನುಭವಿಸಿದರೆಂಬುದು ಮರೆಯುವಂಥದ್ದಲ್ಲ. ಸಾರ್ವಜನಿಕ ಹಿತಕ್ಕಾಗಿ ವಿಷಯ ತಿಳಿಸಿದ ಕೆಲಸಗಾರರಿಗೆ ತೊಂದರೆ ಕೊಡುವುದನ್ನು 1998ರ ಪಬ್ಲಿಕ್ ಇಂಟರೆಸ್ಟ್ ಡಿಸ್‌ಕ್ಲೋಷರ್ ಕಾಯ್ದೆ ನಿಷೇಧಿಸುತ್ತದೆ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟ್‌ಗಳಲ್ಲಿ ಇಂಥ ದೂರುಗಳನ್ನು ಕೇಳಲೆಂದೇ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಇರುತ್ತಾರೆ. ಹೇಳಿದ್ದನ್ನು ಇಮೇಲ್‌ನಲ್ಲಿಯೂ ಹಾಕಿ, ರೋಗಿಗಳ ಹೆಸರು ಬರೆಯದೆ.

ಕೊನೆಯದಾಗಿ, ವೃತ್ತಿಯ ವಿಮಾರಕ್ಷಣೆಯಿಲ್ಲದೆ ಇಲ್ಲಿ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಎನ್‌ಎಚ್‌ಎಸ್‌ನಲ್ಲಿ ಉದ್ಯೋಗದಾತರ ರಕ್ಷಣೆ ಇರುತ್ತದೆ, ಆದರೆ ಎನ್‌ಎಂಸಿಯ ಮುಂದೆ ನಿಮ್ಮ ಪರ ನಿಲ್ಲುವುದು ಅದರ ಕೆಲಸವಲ್ಲ; ಅದಕ್ಕಾಗಿ ಮೊದಲ ತಿಂಗಳಲ್ಲೇ ಯಾವುದಾದರೂ ಯೂನಿಯನ್ ಸೇರಿ. ಮೂರು ವರ್ಷಕ್ಕೊಮ್ಮೆ ಬರುವ ರೀವ್ಯಾಲಿಡೇಶನ್‌ಗೆ, ಅಂದರೆ ನೋಂದಣಿಯ ನವೀಕರಣಕ್ಕೆ, 450 ಗಂಟೆ ಕೆಲಸ ಮತ್ತು 35 ಗಂಟೆ ಕಲಿಕೆಯ ಲೆಕ್ಕ ಬೇಕಾಗುತ್ತದೆ, ಆದ್ದರಿಂದ ಪಿನ್ ಬಂದ ದಿನವೇ ಅದಕ್ಕೊಂದು ಕಡತ ತೆರೆಯಿರಿ.