ಫುಲ್‌ಮೆಟಲ್ ಆಲ್ಕೆಮಿಸ್ಟ್: ಎರಡು ಅನಿಮೆ, ಒಂದು ಮಂಗಾ, ನಡುವೆ ಒಂದು ಕಾದಂಬರಿ. ಯಾವುದು ಮೊದಲು?

ನಮಸ್ಕಾರ ಸರ್. ಜಪಾನಿನ ಆನಿಮೇಷನ್ ಧಾರಾವಾಹಿಯಾಗಿ (ಅನಿಮೆ) ಕಾಲೇಜಿನ ದಿನಗಳಲ್ಲಿ ನೀವು ನೋಡಿದ ಫುಲ್‌ಮೆಟಲ್ ಆಲ್ಕೆಮಿಸ್ಟ್‌ಗೂ ಈಗ ನಿಮ್ಮ ಮಗಳು ನೋಡಿ ಮುಗಿಸಿದ್ದಕ್ಕೂ ಕಥೆಯೇ ಬೇರೆಯಾಗಿದೆ. ಇಬ್ಬರಲ್ಲಿ ಯಾರು ನೋಡಿದ್ದು ಸರಿಯಾದದ್ದು, ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ‘ದಿ ಲ್ಯಾಂಡ್ ಆಫ್ ಸ್ಯಾಂಡ್’ ಎಂಬ ಸಣ್ಣ ಕಾದಂಬರಿ ಈ ಕಥೆಯಲ್ಲಿ ಎಲ್ಲಿ ಕೂರುತ್ತದೆ, ಮಂಗಾ, ಅಂದರೆ ಕಥೆಯ ಮೂಲವಾದ ಜಪಾನಿ ಚಿತ್ರಕಥೆಯ ಪುಸ್ತಕ, ಕೊಳ್ಳುವುದಾದರೆ ಯಾವ ಆವೃತ್ತಿ ಎಂದು ಕೇಳಿದ್ದೀರಿ. ಈ ಕೃತಿಯನ್ನು ಹಲವು ವರ್ಷಗಳಿಂದ ಪ್ರೀತಿಯಿಂದ ಓದುತ್ತ ಬಂದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕಥೆಯ ಗುಟ್ಟುಗಳನ್ನು ಆದಷ್ಟು ಬಿಟ್ಟುಕೊಡುವುದಿಲ್ಲ.

ಇಬ್ಬರು ನೋಡಿದ್ದೂ ಸರಿಯಾದದ್ದೇ. ಗೊಂದಲವೆಲ್ಲ ಹುಟ್ಟಿದ್ದು ಕಥೆ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿದ್ದುದರಿಂದ. ಅರಕಾವಾ ಹಿರೋಮು ಅವರ ಈ ಮಂಗಾ ‘ಮಂತ್ಲಿ ಶೋನೆನ್ ಗಂಗನ್’ ಪತ್ರಿಕೆಯಲ್ಲಿ 2001ರ ಜುಲೈನಲ್ಲಿ ಆರಂಭವಾಗಿ 2010ರ ಜೂನ್‌ನಲ್ಲಿ ಮುಗಿಯಿತು. ಒಟ್ಟು 108 ಕಂತುಗಳು, ಅವೆಲ್ಲ ಸೇರಿ 27 ಸಂಪುಟಗಳು. ಒಂಬತ್ತು ವರ್ಷಕ್ಕೆ ತಿಂಗಳಿಗೊಂದರಂತೆ ಲೆಕ್ಕ ಹಾಕಿದರೆ ಬರುವುದೂ ನೂರೆಂಟೇ. ಅಷ್ಟೋತ್ತರ ಎಣಿಸಿ ಬೆಳೆದ ನಮಗೆ ಈ ಸಂಖ್ಯೆ ಮರೆಯುವಂಥದ್ದಲ್ಲ. ಆದರೆ ಅದರ ಹಿಂದೆ ಒಂದು ತಿಂಗಳೂ ತಪ್ಪದೆ ಹತ್ತಾರು ಪುಟ ಬರೆದುಕೊಟ್ಟ ಒಬ್ಬ ಲೇಖಕಿಯ ದುಡಿಮೆಯಿದೆ ಎಂಬುದನ್ನು ನೆನೆದಾಗ ನನಗೆ ಇಂದಿಗೂ ಗೌರವ ಮೂಡುತ್ತದೆ. ಅವರು ಹೊಕ್ಕೈಡೊ ದ್ವೀಪದ ಹೈನುಗಾರಿಕೆಯ ಮನೆಯಿಂದ ಬಂದವರು. ಟೋಕಿಯೊಗೆ ಹೋಗುವ ಮುನ್ನ ಏಳು ವರ್ಷ ಮನೆಯ ಹೊಲ-ಕೊಟ್ಟಿಗೆಗಳಲ್ಲಿ ಕೆಲಸ ಮಾಡಿದವರು. ಏನನ್ನಾದರೂ ಪಡೆಯಬೇಕಾದರೆ ಅದಕ್ಕೆ ಸಮನಾದುದನ್ನು ಕೊಡಲೇಬೇಕೆಂಬ, ಕಥೆಯ ಬೆನ್ನೆಲುಬಾದ ‘ಸಮಾನ ವಿನಿಮಯ’ದ ನಿಯಮದ ಹಿಂದೆ, ಹೊಟ್ಟೆಪಾಡಿಗಾಗಿ ತಂದೆತಾಯಿ ಪಡುತ್ತಿದ್ದ ಶ್ರಮವಿದೆ.

ಈಗ ನೀವು ನೋಡಿದ ಮೊದಲ ಅನಿಮೆಗೆ ಬರೋಣ. ಬೋನ್ಸ್ ಸ್ಟುಡಿಯೊ ಅದನ್ನು ಮಿಜುಶಿಮಾ ಸೇಜಿ ಅವರ ನಿರ್ದೇಶನದಲ್ಲಿ ತಯಾರಿಸಿತು. 2003ರ ಅಕ್ಟೋಬರ್‌ನಿಂದ ಒಂದು ವರ್ಷ, ವಾರಕ್ಕೊಂದರಂತೆ 51 ಕಂತುಗಳು ಪ್ರಸಾರವಾದವು. ಅದು ಆರಂಭವಾದಾಗ ಪತ್ರಿಕೆಯಲ್ಲಿ ಬಂದಿದ್ದ ಮಂಗಾ ಮೂವತ್ತು ಕಂತನ್ನೂ ಮುಟ್ಟಿರಲಿಲ್ಲ. ತಿಂಗಳಿಗೊಂದು ಹೆಜ್ಜೆ ಇಡುವ ಮೂಲವನ್ನು ವಾರಕ್ಕೊಂದು ಹೆಜ್ಜೆ ಇಡುವ ಟಿವಿ ಹಿಂದಟ್ಟಿದರೆ ಕೆಲವೇ ತಿಂಗಳಲ್ಲಿ ಕಥೆ ಮುಗಿದುಹೋಗುತ್ತದೆ. ಇಂಥ ಸಂದರ್ಭದಲ್ಲಿ ತಯಾರಕರಿಗೆ ಇರುವ ದಾರಿಗಳು ಕೆಲವೇ: ಮೂಲದಲ್ಲಿಲ್ಲದ ಕಂತುಗಳನ್ನು ತುಂಬುತ್ತ ಕಾಯುವುದು, ‘ಅಟ್ಯಾಕ್ ಆನ್ ಟೈಟನ್’ನಲ್ಲಿ 2013ರ ಮೊದಲ ಭಾಗದ ಬಳಿಕ ಎರಡನೆಯದು 2017ರಲ್ಲಿ ಬಂದಂತೆ ವರ್ಷಗಟ್ಟಲೆ ನಿಲ್ಲಿಸಿ ಮುಂದುವರಿಸುವುದು, ಇಲ್ಲವೇ ತಮ್ಮದೇ ಅಂತ್ಯವನ್ನು ಕಟ್ಟುವುದು. ಇಲ್ಲಿ ಆರಿಸಿಕೊಂಡದ್ದು ಮೂರನೆಯದನ್ನು, ಅದೂ ಲೇಖಕಿಯ ಇಚ್ಛೆಯಂತೆಯೇ. ಒಂದೇ ಅಂತ್ಯವನ್ನು ಎರಡು ಕಡೆ ಹೇಳುವುದು ಬೇಡ, ಅನಿಮೆಯದು ಬೇರೆಯೇ ಇರಲಿ ಎಂದು ಅರಕಾವಾ ಅವರೇ ಕೇಳಿಕೊಂಡು ತಂಡಕ್ಕೆ ಸ್ವಾತಂತ್ರ್ಯ ಕೊಟ್ಟಿದ್ದರು. ಹೊಮನ್‌ಕ್ಯುಲಸ್ ಎಂಬ ಕೃತಕ ಮನುಷ್ಯರು ಹುಟ್ಟುವ ಕಾರಣವೇ ಎರಡರಲ್ಲಿ ಬೇರೆ ಬೇರೆ. ಬುಡ ಬದಲಾದ ಮೇಲೆ ಉಳಿದದ್ದೂ ಬದಲಾಗಲೇಬೇಕಲ್ಲವೇ? ಆದ್ದರಿಂದ ಅದನ್ನು ಮೂಲಕ್ಕೆ ದ್ರೋಹ ಬಗೆದ ಕೃತಿಯೆಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಮಗಳು ನೋಡಿದ್ದು ಅದೇ ಸ್ಟುಡಿಯೊದ ಎರಡನೆಯ ರೂಪ: ಇರಿಯೆ ಯಸುಹಿರೊ ನಿರ್ದೇಶನದ, 2009ರ ಏಪ್ರಿಲ್‌ನಿಂದ 2010ರ ಜುಲೈವರೆಗೆ ಬಂದ 64 ಕಂತುಗಳು. ಜಪಾನಿನಲ್ಲಿ ಎರಡಕ್ಕೂ ಮೂಲ ಮಂಗಾದ ಹೆಸರೇ ಇದೆ; ಗುರುತು ಸಿಗಲೆಂದು ಇಂಗ್ಲಿಷ್‌ನಲ್ಲಿ ಎರಡನೆಯದಕ್ಕೆ ‘ಬ್ರದರ್‌ಹುಡ್’ ಎಂದು ಸೇರಿಸಿದ್ದಾರೆ. ಇದು ಮಂಗಾದ ದಾರಿಯಲ್ಲೇ ಕೊನೆಯವರೆಗೆ ನಡೆಯುತ್ತದೆ. ಜೂನ್ 11ರಂದು ಪತ್ರಿಕೆಯಲ್ಲಿ ಕೊನೆಯ ಕಂತು ಬಂತು, ಜುಲೈ 4ರಂದು ಟಿವಿಯಲ್ಲಿ ಮುಕ್ತಾಯ ಪ್ರಸಾರವಾಯಿತು.

ಹಾಗೆಂದು ಬ್ರದರ್‌ಹುಡ್ ನೋಡಿದರೆ ಮಂಗಾ ಓದಿದಂತೆಯೇ ಆಯಿತೆಂದು ದಯವಿಟ್ಟು ತಿಳಿಯಬೇಡಿ. ಮೊದಲ ಅನಿಮೆಯಲ್ಲಿ ಆಗಲೇ ಬಂದುಹೋದ ಭಾಗಗಳನ್ನು ಅದು ಅವಸರದಲ್ಲಿ ದಾಟಿಸುತ್ತದೆ. ಮಂಗಾದ ಮೂರನೆಯ ಕಂತನ್ನೇ ನೋಡಿ. ಯೂಸ್‌ವೆಲ್ ಎಂಬ ಕಲ್ಲಿದ್ದಲ ಗಣಿಯ ಊರನ್ನು ಲಂಚಕೋರ ಅಧಿಕಾರಿಯೊಬ್ಬ ಹಿಂಡುತ್ತಿರುತ್ತಾನೆ. ತಮ್ಮನೊಂದಿಗೆ ಅಲ್ಲಿಗೆ ಬಂದ ಕಥಾನಾಯಕ ಎಡ್ವರ್ಡ್ ತನ್ನ ರಸವಿದ್ಯೆಯಿಂದ (ಆಲ್ಕೆಮಿ) ಗಣಿಯ ಕಸದ ಗುಡ್ಡೆಯನ್ನು ಚಿನ್ನದ ಗಟ್ಟಿಗಳನ್ನಾಗಿಸಿ, ಅವನ್ನು ಕೊಟ್ಟು ಗಣಿಯ ಹಕ್ಕುಪತ್ರವನ್ನು ಬರೆಸಿಕೊಳ್ಳುತ್ತಾನೆ. ಆ ಹಕ್ಕುಪತ್ರವನ್ನು ತಮ್ಮಿಬ್ಬರ ಊಟ-ವಸತಿಯ ಖರ್ಚಿಗೆ ಸಮವೆಂದು ಹೇಳಿ ಗಣಿ ಕಾರ್ಮಿಕರಿಗೆ ಒಪ್ಪಿಸಿಬಿಡುತ್ತಾನೆ. ಅಧಿಕಾರಿಯ ಪೆಟ್ಟಿಗೆಯಲ್ಲಿದ್ದ ಚಿನ್ನ ಮತ್ತೆ ಕಸವಾಗಿರುತ್ತದೆ. ಹುಡುಗನ ಜಾಣತನ, ಸಿಟ್ಟು, ಮರುಕ ಮೂರೂ ಒಂದೇ ಕಂತಿನಲ್ಲಿ ಕಾಣುತ್ತವೆ. ನೀವು ನೋಡಿದ ಅನಿಮೆಯಲ್ಲಿ ಇದಕ್ಕೆ ಪೂರ್ತಿ ಒಂದು ಕಂತು ಮೀಸಲು. ಬ್ರದರ್‌ಹುಡ್ ಅದನ್ನು ಕೈಬಿಟ್ಟು, ಮಂಗಾದಲ್ಲಿಲ್ಲದ ಬೇರೊಂದು ಕಥೆಯಿಂದ ಆರಂಭವಾಗುತ್ತದೆ. ಅದೇ ಅಧಿಕಾರಿ ಮುಂದೆ ದಿಕ್ಕೆಟ್ಟವನಾಗಿ ಎದುರಾದಾಗ, ಯೂಸ್‌ವೆಲ್ ಗೊತ್ತಿರುವವರಿಗೆ ಸಿಗುವ ರುಚಿ ನಿಮ್ಮ ಮಗಳಿಗೆ ಸಿಕ್ಕಿರಲಾರದು.

ಇನ್ನು ನಿಮ್ಮ ಕೈಯಲ್ಲಿರುವ ಕಾದಂಬರಿ. ಅದು ಇನೊವೆ ಮಕೊಟೊ ಅವರು ಈ ಮಂಗಾದ ಪಾತ್ರಗಳನ್ನಿಟ್ಟುಕೊಂಡು ಬರೆದ, ಚಿತ್ರಗಳುಳ್ಳ ಸಣ್ಣ ಕಾದಂಬರಿಗಳಾದ ಲೈಟ್ ನಾವೆಲ್‌ಗಳಲ್ಲಿ ಮೊದಲನೆಯದು. ಚಿತ್ರಗಳನ್ನು ಅರಕಾವಾ ಅವರೇ ಬರೆದಿದ್ದಾರೆ. ಚಿನ್ನ ಬತ್ತಿಹೋದ ಜೆನೊಟೈಮ್ ಎಂಬ ಊರಿಗೆ ಅಣ್ಣತಮ್ಮಂದಿರು ಬಂದಾಗ, ತಮ್ಮದೇ ಹೆಸರು ಹೇಳಿಕೊಂಡು ಬೇರೆ ಇಬ್ಬರು ಹುಡುಗರು ಆಗಲೇ ಅಲ್ಲಿ ಬೀಡುಬಿಟ್ಟಿರುತ್ತಾರೆ. ಈ ಕಥೆ ಮಂಗಾದಲ್ಲಿಲ್ಲ. ಆದರೆ ನಿಮಗೆ ಎಲ್ಲೋ ನೋಡಿದ ನೆನಪಾಗಿದ್ದರೆ ಅದು ಭ್ರಮೆಯಲ್ಲ: ಮೊದಲ ಅನಿಮೆಯ 11 ಮತ್ತು 12ನೆಯ ಕಂತುಗಳು ಇದೇ ಕಾದಂಬರಿಯ ರೂಪಾಂತರ. ಮೂಲ ಮಂಗಾ ಸಾಲದೆ ಬಂದಾಗ ಅದರ ಕಾದಂಬರಿಯಿಂದ ಕಥೆ ತಂದ ಬಗೆಯಿದು. ಪತ್ರಿಕೆ, ಕಾದಂಬರಿ, ಟಿವಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಹೊಳೆಯುವುದಿಲ್ಲ. ಅಣ್ಣತಮ್ಮಂದಿರ ಆರಂಭದ ಅಲೆದಾಟದ ಕಾಲದ ಕಥೆಯಾದ್ದರಿಂದ ಮಂಗಾದ ಮೊದಲ ಸಂಪುಟ ಮುಗಿಸಿದ ಮೇಲೆ ಅದನ್ನು ಓದಿ. ಓದದಿದ್ದರೂ ಮುಖ್ಯ ಕಥೆಗೆ ಕೊರತೆಯಿಲ್ಲ.

ಎಲ್ಲ ಕೃತಿಗಳಲ್ಲೂ ಮಂಗಾವೇ ಬೇರು ಎಂದುಕೊಳ್ಳುವಂತಿಲ್ಲ. ಮಗಳು ಮುಂದೆ ‘ಸ್ಪೈಸ್ ಆ್ಯಂಡ್ ವುಲ್ಫ್’ ಕಡೆಗೆ ಹೋಗುವುದಾದರೆ ಅಲ್ಲಿ ಲೆಕ್ಕ ತಿರುಗುಮುರುಗು: ಹಸೆಕುರಾ ಇಸುನಾ ಅವರ ಲೈಟ್ ನಾವೆಲ್ 2006ರಲ್ಲಿ ಮೊದಲು ಬಂತು, 2007ರಲ್ಲಿ ಪತ್ರಿಕೆಯಲ್ಲಿ ಅದರ ಮಂಗಾ, 2008ರಲ್ಲಿ ಅನಿಮೆ. ಯಾವುದು ಬೇರು ಎಂದು ತಿಳಿಯಲು ಅನಿಮೆಯ ಹೆಸರುಪಟ್ಟಿಯಲ್ಲಿ ‘ಗೆನ್ಸಾಕು’ ಅಂದರೆ ಮೂಲ ಕೃತಿ ಎಂಬುದರ ಮುಂದೆ ಯಾರ ಹೆಸರಿದೆ ಎಂದು ನೋಡಿದರೆ ಸಾಕು.

ಕೊಳ್ಳುವ ವಿಷಯ. ವಿಜ್ ಎಂಬ ಪ್ರಕಾಶನ ಸಂಸ್ಥೆಯ ಇಂಗ್ಲಿಷ್ ಅನುವಾದ ಮೂರು ರೂಪಗಳಲ್ಲಿದೆ: ಬಿಡಿಯಾಗಿ 27 ಸಂಪುಟಗಳು, ಮೂರನ್ನು ಒಟ್ಟುಗೂಡಿಸಿದ 9 ದಪ್ಪ ಪುಸ್ತಕಗಳು, ಗಟ್ಟಿ ರಟ್ಟಿನ ‘ಫುಲ್‌ಮೆಟಲ್ ಎಡಿಷನ್’ನ 18 ಸಂಪುಟಗಳು. ಓದುವುದಕ್ಕೇ ಆದರೆ ಒಂಬತ್ತರ ಕಟ್ಟು ಸಾಕು, ಕಪಾಟಿನಲ್ಲಿ ಜಾಗವೂ ಕಡಿಮೆ ಹಿಡಿಯುತ್ತದೆ. ಆದರೆ ಪುಸ್ತಕವನ್ನು ಪೂರ್ತಿ ಬಿಚ್ಚಿ ಬೆನ್ನು ಮುರಿಯಬೇಡಿ. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗಿ ನನ್ನ ಎರಡನೆಯ ಪುಸ್ತಕದ ಹಾಳೆಗಳು ಕಳಚಿಕೊಂಡವು.

ಅಗ್ಗದ ನಕಲು ಪ್ರತಿಗಳ ಬಗ್ಗೆಯೂ ಎಚ್ಚರವಿರಲಿ. ನಾನು ಮೊದಲ ಬಾರಿ ಅಂಥ ಒಂದು ಪ್ರತಿಯನ್ನು ರಸ್ತೆಬದಿಯಲ್ಲಿ ಕೊಂಡು ಮೋಸಹೋದೆ. ಎಡದಿಂದ ಬಲಕ್ಕೆ ಓದಲೆಂದು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಿದ್ದರು. ಪರೀಕ್ಷೆ ಸುಲಭ: ಎಡ್ವರ್ಡ್‌ನ ಉಕ್ಕಿನ ಕೈ ಬಲಗೈ, ಉಕ್ಕಿನ ಕಾಲು ಎಡಗಾಲು. ಪುಟ ತೆರೆದಾಗ ಎಡಗೈ ಹೊಳೆಯುತ್ತಿದ್ದರೆ ಪುಸ್ತಕವನ್ನು ಅಲ್ಲಿಯೇ ಇಟ್ಟುಬಿಡಿ. ಸರಿಯಾದ ಪ್ರತಿಯನ್ನು ನಮ್ಮ ಪುಸ್ತಕಗಳ ಹಿಂಬದಿ ಎನಿಸುವ ಕಡೆಯಿಂದ ತೆರೆದು, ಪ್ರತಿ ಪುಟವನ್ನೂ ಬಲಗಡೆಯ ಮೇಲಿನ ಚೌಕದಿಂದ ಓದಬೇಕು. ಹತ್ತು ಪುಟ ಕಳೆಯುವಷ್ಟರಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ನನ್ನ ಸಲಹೆ ಇಷ್ಟು. ಇಬ್ಬರೂ ಮಂಗಾವನ್ನು ಮೊದಲ ಕಂತಿನಿಂದಲೇ ಓದಿ. ಆಮೇಲೆ ನೀವು ಬ್ರದರ್‌ಹುಡ್ ನೋಡಿ, ಮಗಳು ನಿಮ್ಮ 51 ಕಂತುಗಳನ್ನು ನೋಡಲಿ. ಅದನ್ನು ಮುಗಿಸಿದ ಮೇಲೆ, ಆ ದಾರಿಯನ್ನೇ ಮುಂದುವರಿಸುವ 2005ರ ಚಲನಚಿತ್ರವೂ ಇದೆ. ಸಂಪುಟಗಳ ಕೊನೆಯಲ್ಲಿ ಬರುವ ನಾಲ್ಕು ಚೌಕದ ಹಾಸ್ಯಚಿತ್ರಗಳನ್ನು ಮಾತ್ರ ಬಿಡಬೇಡಿ. ಅಲ್ಲಿ ಕನ್ನಡಕ ಹಾಕಿಕೊಂಡ ಒಂದು ಹಸು ಆಗಾಗ ಕಾಣಿಸಿಕೊಳ್ಳುತ್ತದೆ. ಲೇಖಕಿ ತಮ್ಮನ್ನು ಚಿತ್ರಿಸಿಕೊಳ್ಳುವುದೇ ಹಾಗೆ.