ನರ್ಸ್‌ಗಳಿಗೆ ಕರುಣೆ ಇರಲ್ವಾ ಅಂತ ಕೇಳಿದ್ದೀರಿ

ಎದೆನೋವು ಅಂತ ಅಪ್ಪನನ್ನು ರಾತ್ರಿ ದಾವಣಗೆರೆಗೆ ಕರೆತಂದಾಗ ನರ್ಸ್ ನಿಮ್ಮನ್ನು ಹೊರಗೆ ಕಳಿಸಿದರು, ಏನು ಕೇಳಿದರೂ ಉತ್ತರ ಕೊಡಲಿಲ್ಲ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ನಾನು ಚಿತ್ರದುರ್ಗದಲ್ಲಿ 11 ವರ್ಷ ಎಮರ್ಜೆನ್ಸಿ ನರ್ಸ್ ಆಗಿದ್ದವಳು.

ಎದೆನೋವಿನವರು ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಜೊತೆಗೆ ಬಿಪಿ ನೋಡಬೇಕು, ಸೂಜಿ ಹಾಕಬೇಕು. ಮಂಚದ ಸುತ್ತ ಐದು ಜನ ನಿಂತರೆ ಕೈ ಆಡೋದೇ ಇಲ್ಲ. ಕಾಯಿಲೆ ಏನು ಅಂತ ಹೇಳೋದು ಡಾಕ್ಟರ ಕೆಲಸ, ಅದಕ್ಕೇ ನಾವು ಬಾಯಿ ಬಿಡಲ್ಲ. ಆದರೂ ‘ಇಸಿಜಿ ಮಾಡ್ತಿದೀವಿ, ಮುಗಿದ ಕೂಡಲೇ ಬಂದು ಹೇಳ್ತೀನಿ’ ಅನ್ನಬಹುದಿತ್ತು. ಅನ್ನದೇ ಇದ್ದದ್ದು ತಪ್ಪೇ.

ಒಂದು ರಾತ್ರಿ ಹಿರಿಯೂರು ಕಡೆಯ ಅಜ್ಜಿಯೊಬ್ಬರು ನನ್ನ ಕೋಟಿನ ತುದಿ ಹಿಡಿದವರು ಬಿಡಲೇ ಇಲ್ಲ. ಅವರ ಯಜಮಾನರಿಗೆ ಆಕ್ಸಿಜನ್ ಹಾಕಿದ್ದೆವು. ಸ್ಟೂಲ್ ಎಳೆದು ಅವರ ತಲೆಯ ಹತ್ತಿರ ಅಜ್ಜಿಯನ್ನು ಕೂರಿಸಿದೆ. ‘ಕೈ ಹಿಡ್ಕೊಳ್ಳಿ ಅಜ್ಜಿ, ಮಾಸ್ಕ್ ಕಿತ್ತು ಹಾಕದಂಗೆ ನೋಡ್ಕೊಳ್ಳಿ’ ಅಂದೆ. ಅಜ್ಜಿಯ ನಡುಕ ನಿಂತಿತು. ನನಗೂ ಎಷ್ಟೋ ಸಹಾಯವಾಯಿತು.

ಇನ್ನೊಮ್ಮೆ ಹೋಗುವ ಹಾಗಾದರೆ ಮನೆಯವರಲ್ಲಿ ಒಬ್ಬರೇ ಮಾತಾಡಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಮೊದಲು ಹೇಳಿ. ದಿನಾ ತಗೊಳ್ಳೋ ಮಾತ್ರೆಗಳನ್ನು ಕವರ್ ಸಮೇತ ತನ್ನಿ, ಗಾಬರಿಯಲ್ಲಿ ಹೆಸರು ನೆನಪಿಗೆ ಬರಲ್ಲ.

ಅಪ್ಪ ಈಗ ಹೇಗಿದ್ದಾರೆ?