ಆರೋಗ್ಯ ಪ್ರಶ್ನೋತ್ತರ: ಹೊಗೆಸೊಪ್ಪಿಲ್ಲದ ಕವಳವೂ ಅಪಾಯವೇ?

*ಕ್ಯಾನ್ಸರ್ ತಡೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.*

ಊಟವಾದ ಮೇಲೆ ಕವಳ ಹಾಕುವ ಅಭ್ಯಾಸ ನಮ್ಮಲ್ಲಿ ತಲೆಮಾರುಗಳಿಂದ ಇದೆ. ನಾನು ಹೊಗೆಸೊಪ್ಪು ಮುಟ್ಟುವುದಿಲ್ಲ. ಎಲೆ, ಅಡಿಕೆ, ಸುಣ್ಣ ಅಷ್ಟೇ. ಈಚೆಗೆ ಖಾರ ತಿಂದರೆ ಬಾಯಿ ಉರಿಯುತ್ತದೆ. ಇದಕ್ಕೂ ಕ್ಯಾನ್ಸರಿಗೂ ಸಂಬಂಧವಿದೆಯೇ?
— ಓದುಗರು, ಶಿರಸಿ ತಾಲ್ಲೂಕು

ಇದೆ. ಹೊಗೆಸೊಪ್ಪು ಬಿಟ್ಟರೆ ಸಾಕು ಎಂಬ ನಂಬಿಕೆ ಮಲೆನಾಡು, ಕರಾವಳಿಗಳಲ್ಲಿ ಗಟ್ಟಿಯಾಗಿದೆ, ಆದರೆ ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪೊರೆಯಡಿ ನಾರಿನಂಥ ಅಂಗಾಂಶ ಬೆಳೆಯುವಂತೆ ಮಾಡುತ್ತದೆ. ಸುಣ್ಣ ಪೊರೆಯನ್ನು ಕೆರಳಿಸಿ ಈ ಹಾನಿಯನ್ನು ಹೆಚ್ಚಿಸುತ್ತದೆ. ಮೊದಲು ಖಾರ ತಡೆಯದಂತಾಗುತ್ತದೆ, ಆಮೇಲೆ ಕೆನ್ನೆ ಬಿಳಿಚಿಕೊಂಡು ಬಿಗಿಯುತ್ತದೆ, ಕೊನೆಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಇದಿರುವ ಕೆಲವರಲ್ಲಿ ಮುಂದೆ ಬಾಯಿ ಕ್ಯಾನ್ಸರ್ ಬರುತ್ತದೆ. ಒಮ್ಮೆ ಬಿಗಿದ ಕೆನ್ನೆ ಮೊದಲಿನಂತಾಗುವುದು ಅಪರೂಪ. ಹಾಗಾಗಿ ಉರಿ ಶುರುವಾಗಿರುವ ಈ ಹಂತದಲ್ಲೇ ಅಡಿಕೆ ನಿಲ್ಲಿಸಿ, ದಂತವೈದ್ಯರಿಗೆ ತೋರಿಸಿ. ಪ್ಯಾಕೆಟ್‌ನ ಪಾನ್ ಮಸಾಲಾ ಇನ್ನೂ ಕೆಟ್ಟದ್ದು: ಅದರಲ್ಲಿ ಎಲೆ ಇರದೆ ಒಣ ಅಡಿಕೆಯೇ ತುಂಬಿರುವುದರಿಂದ ಹುಡುಗರ ಬಾಯಿ ಬೇಗ ಬಿಗಿಯುತ್ತದೆ.

ಅಡಿಕೆಯೇ ಬದುಕಾಗಿರುವ ಊರಿನಲ್ಲಿ ಇದನ್ನು ಹೇಳುವುದು ಹಿತವಲ್ಲ. ಆದರೂ ಬೆಳೆಯುವವರ ಬಾಯಿಗೆ ಬೆಳೆ ರಿಯಾಯಿತಿ ತೋರಿಸುವುದಿಲ್ಲ.

ಬಾಯಿಯನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಹೇಗೆ?
— ಓದುಗರು, ದಾವಣಗೆರೆ

ಕನ್ನಡಿ, ಟಾರ್ಚ್, ತೊಳೆದ ಕೈ ಸಾಕು. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕಟ್ಟಿದ ಹಲ್ಲಿದ್ದರೆ ತೆಗೆದು, ತುಟಿಯ ಒಳಭಾಗ, ಎರಡೂ ಕೆನ್ನೆ, ಒಸಡು ನೋಡಿ. ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಆಚೀಚೆ ಎಳೆದು ಅದರ ಅಂಚುಗಳನ್ನು ನೋಡಿ. ನಾಲಿಗೆ ಮೇಲೆತ್ತಿ ಅಡಿಭಾಗ, ಕೊನೆಗೆ ಅಂಗುಳ. ಹೆಚ್ಚಿನವರು ಬಿಟ್ಟುಬಿಡುವುದು ನಾಲಿಗೆಯ ಅಂಚು ಮತ್ತು ಕೆಳಗಿನ ಒಸಡು–ಕೆನ್ನೆಯ ನಡುವಿನ ಸಂದು. ತಂಬಾಕು ಒತ್ತರಿಸಿಡುವ ಜಾಗವೇ ಅದು, ಅಲ್ಲೇ ಹೆಚ್ಚು ಹೊತ್ತು ನೋಡಬೇಕು. ನಂತರ ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ. ಹಿಡಿಸದಿದ್ದರೆ ವೈದ್ಯರಲ್ಲಿಗೆ ಹೋಗಿ.

ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ದಾಟಿದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು ಕಂಡರೆ ತಡಮಾಡಬೇಡಿ. ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯಕಾರಿ. ನೋವಿಲ್ಲವೆಂದು ಕಾಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಶುರುವಿನಲ್ಲಿ ಹೆಚ್ಚಾಗಿ ನೋವು ಇರುವುದೇ ಇಲ್ಲ.

ನಿಕೋಟಿನ್ ಗಮ್ ತಿಂದರೆ ಬಿಕ್ಕಳಿಕೆ, ಎದೆಯುರಿ. ಹೀಗಾದರೆ ಗುಟ್ಕಾ ಬಿಡುವುದು ಹೇಗೆ?
— ಓದುಗರು, ಹುಬ್ಬಳ್ಳಿ

ನೀವು ಅದನ್ನು ಚೂಯಿಂಗ್ ಗಮ್‌ನಂತೆ ಅಗಿಯುತ್ತಿರಬೇಕು. ಹಾಗೆ ಮಾಡಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ನಿಧಾನವಾಗಿ ಅಗಿಯಿರಿ, ಚುರುಗುಟ್ಟಿದ ಕೂಡಲೇ ಕೆನ್ನೆ–ಒಸಡಿನ ನಡುವೆ ಇಟ್ಟು ಬಿಡಿ, ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಬರಬೇಕು. ಅದಕ್ಕೆ 15 ನಿಮಿಷ ಮೊದಲು ಕಾಫಿ, ನಿಂಬೆ ಪಾನಕ, ಸೋಡಾ ಬೇಡ. ಹುಳಿ ಪಾನೀಯವಿದ್ದರೆ ನಿಕೋಟಿನ್ ಬಾಯಿಯಿಂದ ಸರಿಯಾಗಿ ಹೀರಿಕೆಯಾಗುವುದಿಲ್ಲ. ಬಾಯಿ ಬಿಗಿದವರಿಗೆ ಗಮ್ ಹೊಂದುವುದಿಲ್ಲ, ವೈದ್ಯರನ್ನು ಕೇಳಿ ಪ್ಯಾಚ್ ಬಳಸಬಹುದು. ಚಟದ ಸೆಳೆತ ಬಂದಾಗ ಕೆಲವೇ ನಿಮಿಷ ಇರುತ್ತದೆ. ಮೊದಲ ಮೂರ್ನಾಲ್ಕು ದಿನ ಅದು ಜೋರು. ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಬಿಡುವ ದಿನ ಗೊತ್ತುಮಾಡಿಕೊಳ್ಳುವುದರಿಂದ ಹಿಡಿದು ಮುಂದಿನ ಹಂತಗಳವರೆಗೆ ಜೊತೆಗಿರುತ್ತಾರೆ. ಕರೆ ಉಚಿತ.

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕ್ಯಾನ್ಸರ್ ತಪಾಸಣಾ ಶಿಬಿರ ಮಾಡುತ್ತೇವೆ. ಇನ್ನೇನು ಮಾಡಬಹುದು?
— ಕಲಬುರಗಿ ಜಿಲ್ಲೆ

ಶಿಬಿರಕ್ಕೆ ಎಷ್ಟು ಜನ ಬಂದರು ಎಂದು ಲೆಕ್ಕ ಹಾಕುತ್ತೀರಲ್ಲ, ಅದನ್ನು ಬಿಟ್ಟು 'ಅನುಮಾನವಿದೆ' ಎಂದು ಚೀಟಿ ಪಡೆದವರಲ್ಲಿ ಎಷ್ಟು ಮಂದಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಮುಟ್ಟಿದರು ಎಂದು ಲೆಕ್ಕ ಹಾಕಿ. ತಪಾಸಣೆ ಸೋಲುವುದು ಅಲ್ಲೇ. ಕೂಲಿ ಹೋಗುತ್ತದೆ, ಬಸ್ಸಿಲ್ಲ, ಗಂಡ ಒಪ್ಪುವುದಿಲ್ಲ, ಚೀಟಿ ಮನೆಯಲ್ಲೇ ಉಳಿಯುತ್ತದೆ. ಆಶಾ ಕಾರ್ಯಕರ್ತೆಯ ಬಳಿ ಒಂದು ಪುಸ್ತಕ ಇರಲಿ: ಯಾರು, ಯಾವ ದಿನ, ಎಲ್ಲಿಗೆ, ಹೋದರೇ, ವರದಿ ಬಂತೇ. ತಿಂಗಳಿಗೊಮ್ಮೆ ನೋಡಿ, ಹೋಗದವರನ್ನು ಒಂದೇ ದಿನ ವಾಹನ ಮಾಡಿ ಕರೆದೊಯ್ಯಿರಿ. ಹೆಸರು ಮಾತ್ರ ಗ್ರಾಮಸಭೆಯಲ್ಲಿ ಓದಬಾರದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ ಎಂಬುದನ್ನು ಮೊದಲ ದಿನವೇ ಹೇಳಿ. ಖರ್ಚಿನ ಭಯಕ್ಕೇ ಹಲವರು ನಿಂತುಬಿಡುತ್ತಾರೆ.

ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕಂಠ ಪರೀಕ್ಷೆ ಇದೆ. ಗರ್ಭಕಂಠಕ್ಕೆ ಶೇ 5ರ ಅಸಿಟಿಕ್ ಆಮ್ಲ ಹಚ್ಚಿ ಪೂರ್ತಿ ಒಂದು ನಿಮಿಷ ಕಾದು ನೋಡಬೇಕು. ಜನ ಸಾಲುಗಟ್ಟಿ ನಿಂತಾಗ ಆ ನಿಮಿಷ ಅರ್ಧಕ್ಕೆ ಇಳಿಯುತ್ತದೆ, ದ್ರಾವಣ ಹಳೆಯದಾಗಿರುತ್ತದೆ, ಬೆಳಕು ಸಾಲುವುದಿಲ್ಲ. ಆಗ ಫಲಿತಾಂಶವನ್ನು ನಂಬುವಂತಿಲ್ಲ. ನಿಮ್ಮ ಗಡಿಯಾಚೆಗಿನ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಗರ್ಭಕಂಠ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕಂಠ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದೇ ಅಧ್ಯಯನದಲ್ಲಿ ಅಸಿಟಿಕ್ ಆಮ್ಲದ ಪರೀಕ್ಷೆಯಿಂದ ಅಂಥ ಇಳಿಕೆ ಕಾಣಲಿಲ್ಲ. ಸರ್ಕಾರ ಹಣ ಹಾಕಬೇಕಾದದ್ದು ಎಚ್‌ಪಿವಿ ಪರೀಕ್ಷೆಗೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸ್ರಾವದ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದಾದ್ದರಿಂದ ಸಂಕೋಚವೂ ಕಡಿಮೆ.

ಇನ್ನು ತಂಬಾಕು. ಕರ್ನಾಟಕದ ತಿದ್ದುಪಡಿ ಕಾಯ್ದೆಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದೆ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಶಾಲೆ–ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿ ಸಿಗರೇಟೂ ಇಲ್ಲ. ಶಾಲೆಯ ಸುತ್ತ ಟೇಪು ಹಿಡಿದು ಅಳೆದು ಹಳದಿ ಗೆರೆ ಎಳೆಸಿ. ಗೆರೆ ಕಣ್ಣಿಗೆ ಬಿದ್ದರೆ ವಾದಕ್ಕೆ ಜಾಗವಿರುವುದಿಲ್ಲ. ಅಂಗಡಿ ಪರವಾನಗಿ ನವೀಕರಣ ನಿಮ್ಮ ಕೈಯಲ್ಲೇ ಇದೆ, ಅಲ್ಲಿ ಈ ಷರತ್ತು ಸೇರಿಸಿ. ಪಾನ್ ಮಸಾಲಾ ಮತ್ತು ತಂಬಾಕು ಪುಡಿಯ ಜೋಡಿ ಪ್ಯಾಕೆಟ್‌ಗಳ ಮೇಲೂ ಕಣ್ಣಿಡಿ. ಗುಟ್ಕಾ ನಿಷೇಧದಿಂದ ನುಣುಚಿಕೊಳ್ಳುವ ದಾರಿ ಅದೇ.

ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆ ಈಗಲೇ ಬೇಕೇ?
— ಓದುಗರು, ಮೈಸೂರು

ಈಗಲೇ ಸರಿಯಾದ ಸಮಯ. 9ರಿಂದ 14ರ ನಡುವೆ, ವೈರಸ್ ಸೋಂಕು ತಗಲುವ ಮೊದಲು ಕೊಟ್ಟರೆ ಪೂರ್ತಿ ಫಲ. ಈಗಾಗಲೇ ಇರುವ ಸೋಂಕನ್ನು ಅದು ಗುಣಪಡಿಸುವುದಿಲ್ಲ. ಈ ವಯಸ್ಸಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಎರಡಾದರೆ ನಡುವೆ ಆರು ತಿಂಗಳು. ಚುಚ್ಚಿದ ಮೇಲೆ 15 ನಿಮಿಷ ಕೂರಿಸಿ, ಈ ವಯಸ್ಸಿನವರಲ್ಲಿ ಕೆಲವರಿಗೆ ತಲೆಸುತ್ತು ಬರುತ್ತದೆ. ಲಸಿಕೆ ಆದರೂ 30ರ ನಂತರ ಗರ್ಭಕಂಠ ಪರೀಕ್ಷೆ ಬಿಡುವಂತಿಲ್ಲ.

ಲ್ಯಾಬ್‌ಗಳ 'ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್' ಮಾಡಿಸಬಹುದೇ?
— ಓದುಗರು, ಬೆಂಗಳೂರು

ಲಕ್ಷಣವಿಲ್ಲದವರಿಗೆ ಬೇಡ. ಕ್ಯಾನ್ಸರಿನ ಸುಳಿವೆಂದು ರಕ್ತದಲ್ಲಿ ಅಳೆಯುವ ಸಿಎ-125ನಂಥ ಮಾರ್ಕರ್‌ಗಳು ಮುಟ್ಟು, ಉರಿಯೂತಗಳಿಂದಲೂ ಏರುತ್ತವೆ. ಆಗ ಸುಮ್ಮನೆ ಸ್ಕ್ಯಾನು, ಆತಂಕ. ಇನ್ನು ಕೆಲವರಲ್ಲಿ ಕ್ಯಾನ್ಸರ್ ಇದ್ದರೂ ಅಂಕಿ ಏರುವುದಿಲ್ಲ. ಆ ಹಣದಲ್ಲಿ ಮನೆಯ ಹೆಂಗಸರಿಗೆ ಎಚ್‌ಪಿವಿ ಪರೀಕ್ಷೆ ಮಾಡಿಸಿ.